ಕ್ಯಾಸನೂರಿಗೆ ಹೆಸರು ಬಂತು, ಮದ್ದು ಬರಲಿಲ್ಲ

ಪ್ರಪಂಚದ ಯಾವುದೇ ದೇಶದ ವೈದ್ಯಕೀಯ ಕಾಲೇಜಿಗೆ ಹೋಗಿ, ವೈರಸ್ ರೋಗಗಳ ದಪ್ಪ ಪುಸ್ತಕ ತೆಗೆಸಿ ನೋಡಿ. ಅದರಲ್ಲಿ ಬೆಂಗಳೂರಿನ ಹೆಸರು ಇದ್ದೀತೋ ಇಲ್ಲವೋ, ನಮ್ಮ ಸೊರಬ ತಾಲ್ಲೂಕಿನ ಒಂದು ಕಾಡಿನ ಹೆಸರು ಮಾತ್ರ ಇದ್ದೇ ಇರುತ್ತದೆ. ಅದು ಕ್ಯಾಸನೂರು. 'ಕ್ಯಾಸನೂರು ಫಾರೆಸ್ಟ್ ಡಿಸೀಸ್' ಅಂತ ಡಾಕ್ಟರುಗಳು ಕರೆಯುವ, ಚುಟುಕಾಗಿ ಕೆ.ಎಫ್.ಡಿ. ಅನ್ನುವ ಈ ಜ್ವರಕ್ಕೆ ನಮ್ಮ ಮಲೆನಾಡಿನ ಜನರ ಬಾಯಲ್ಲಿ ಇರುವ ಹೆಸರು ಮಂಗನ ಕಾಯಿಲೆ.

ಊರಿಗೆ ಹೆಸರು ಬರುವುದು ಅಡಿಕೆಯಿಂದ, ಗಂಧದಿಂದ, ಜೋಗದಂಥ ಜಲಪಾತದಿಂದ. ಕ್ಯಾಸನೂರಿಗೆ ಬಂದದ್ದು ಕಾಯಿಲೆಯಿಂದ. ಹೆಸರಿಟ್ಟು 65 ವರ್ಷ ದಾಟಿದೆ. ರೋಗ ಎಲ್ಲಿಂದ ಬರುತ್ತದೆ, ಯಾರು ಹೊತ್ತು ತರುತ್ತಾರೆ, ಯಾವ ತಿಂಗಳಲ್ಲಿ ಏಳುತ್ತದೆ, ಯಾವ ತಿಂಗಳಲ್ಲಿ ಮಲಗುತ್ತದೆ ಎಲ್ಲವೂ ಗೊತ್ತಾಗಿದೆ. ಆದರೂ ಪುಷ್ಯ ಮಾಸ ಬಂತೆಂದರೆ ಸಾಗರ, ಸೊರಬ, ತೀರ್ಥಹಳ್ಳಿ ಕಡೆಯ ಕಾಡಂಚಿನ ಮನೆಗಳಲ್ಲಿ ಅದೇ ಅಳುಕು. ಇದು ಯಾಕೆ ಹೀಗೆ? ಸ್ವಲ್ಪ ಹಿಂದಿನಿಂದ ನೋಡೋಣ.

1957ರ ಬೇಸಿಗೆ

ಹೊಸ ಮೈಸೂರು ರಾಜ್ಯ ಆಗಿ ಇನ್ನೂ ಅರ್ಧ ವರ್ಷ ಕಳೆದಿರಲಿಲ್ಲ. 1957ರ ಆರಂಭದ ತಿಂಗಳುಗಳಲ್ಲಿ ಸೊರಬ, ಸಾಗರ ಭಾಗದ ಹಳ್ಳಿಗಳಲ್ಲಿ ಒಂದು ಕೆಟ್ಟ ಜ್ವರ ಎದ್ದಿತು. ಇದ್ದಕ್ಕಿದ್ದಂತೆ ಚಳಿ, ಸುಡುವ ಜ್ವರ, ತಲೆ ಸಿಡಿಯುವಂಥ ನೋವು, ಸೊಂಟ ಕಾಲು ಎಲ್ಲ ಮುರಿದು ಹಾಕಿದಂತೆ. ಗಟ್ಟಿಮುಟ್ಟಾದ ಆಳು ಎರಡೇ ದಿನಕ್ಕೆ ಚಾಪೆ ಬಿಟ್ಟು ಏಳಲಾರ. ಕೆಲವರಿಗೆ ಮೂಗು, ಒಸಡಿನಲ್ಲಿ ರಕ್ತ. ಮೊದಲಿಗೆ ಇದನ್ನು ಟೈಫಾಯ್ಡ್ ಜಾತಿಯ ಜ್ವರ ಇರಬಹುದು ಅಂತಲೇ ಭಾವಿಸಲಾಯಿತು. ಹಳ್ಳಿ, ಬೇಸಿಗೆ, ಜ್ವರ ಅಂದರೆ ಮೊದಲು ನೆನಪಾಗುವುದು ಅದೇ ತಾನೇ?

ಆದರೆ ಕಾಡಿನ ಪಕ್ಕದ ಜನ ಇನ್ನೊಂದು ಸಂಗತಿಯನ್ನೂ ಕಂಡಿದ್ದರು. ಅದೇ ಹೊತ್ತಿಗೆ ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು. ಒಂದಲ್ಲ, ಎರಡಲ್ಲ. ಕರಿಮುಸುಡಿನ ಮುಸುವ ಮತ್ತು ಕೆಂಪು ಮೋರೆಯ ಮಂಗ ಎರಡೂ ಜಾತಿ ಮರದಿಂದ ಉದುರಿ ಬೀಳುತ್ತಿದ್ದವು. ಕಾಡಿಗೆ ಸೌದೆಗೆ ಹೋದವರು, ದನ ಹೊಡೆದುಕೊಂಡು ಹೋದವರು ಇದನ್ನು ನೋಡಿ ಬಂದು ಊರಲ್ಲಿ ಹೇಳಿದರು. ಮಂಗ ಸತ್ತ ಕಾಡಿಗೆ ಹೋಗಿ ಬಂದವನಿಗೇ ಜ್ವರ ಬರುತ್ತದೆ ಅನ್ನುವುದನ್ನು ಮೈಕ್ರೋಸ್ಕೋಪ್ ಇಲ್ಲದೆಯೇ ಜನ ಗುರುತಿಸಿದ್ದರು. ಹಾಗಾಗಿ 'ಮಂಗನ ಕಾಯಿಲೆ' ಅನ್ನುವ ಹೆಸರು ಯಾವ ವಿಜ್ಞಾನಿ ಇಟ್ಟದ್ದೂ ಅಲ್ಲ, ನಮ್ಮ ಜನ ಇಟ್ಟದ್ದು. ಮಂಗ ಮತ್ತು ಮನುಷ್ಯ ಇಬ್ಬರ ಸಾವಿಗೂ ಗಂಟು ಹಾಕಿದ ಆ ಮೊದಲ ಮಾತೇ ಮುಂದಿನ ಎಲ್ಲ ಸಂಶೋಧನೆಗೆ ಬುನಾದಿಯಾಯಿತು.

ಪುಣೆಯಿಂದ ಬಂದವರು

ಆಗ ಪುಣೆಯಲ್ಲಿ ವೈರಸ್ ಸಂಶೋಧನಾ ಕೇಂದ್ರ ಅಂತ ಒಂದಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ ಕೂಡಿ 1952ರಲ್ಲಿ ತೆರೆದದ್ದು. ಇವತ್ತಿನ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆ ಅಂದರೆ ಅದೇ. ಅದರ ನಿರ್ದೇಶಕರಾಗಿದ್ದವರು ಡಾ. ಟೆಲ್ಫರ್ ವರ್ಕ್ ಎಂಬ ಅಮೆರಿಕನ್ ವೈದ್ಯ. ಮಂಗ ಸಾಯುತ್ತಿರುವ ಸುದ್ದಿ ಕೇಳಿದ್ದೇ ತಡ, ಅವರ ತಂಡದ ಎದೆ ಹೊಡೆದುಕೊಂಡಿತು.

ಯಾಕೆ ಗೊತ್ತೇ? ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳು ಹೀಗೆ ಸಾಲಾಗಿ ಸತ್ತರೆ ಅದರ ಅರ್ಥ ಒಂದೇ: ಹಳದಿ ಜ್ವರ. ಲಕ್ಷಾಂತರ ಜನರನ್ನು ನುಂಗಿದ ಮಾರಿ ಅದು. ಆಫ್ರಿಕದಲ್ಲಿದೆ, ಅಮೆರಿಕ ಖಂಡದಲ್ಲಿದೆ, ಆದರೆ ಭಾರತಕ್ಕೆ ಮಾತ್ರ ಕಾಲಿಟ್ಟಿಲ್ಲ. ಅದನ್ನು ಹರಡುವ ಸೊಳ್ಳೆ ನಮ್ಮಲ್ಲಿ ಬೇಕಾದಷ್ಟಿದೆ, ಜನರ ಮೈಯಲ್ಲಿ ತಡೆಯುವ ಶಕ್ತಿ ಇಲ್ಲ. ಒಮ್ಮೆ ಒಳಗೆ ಬಂತೆಂದರೆ ಮುಗಿಯಿತು ಕಥೆ. ಈ ಹೆದರಿಕೆಯಿಂದಲೇ ವಿಮಾನ ನಿಲ್ದಾಣಗಳಲ್ಲಿ, ಬಂದರುಗಳಲ್ಲಿ ಹಳದಿ ಜ್ವರದ ಸರ್ಟಿಫಿಕೇಟ್ ಕೇಳುವುದು. ಅಂಥದ್ದು ಸೊರಬದ ಕಾಡಿನಲ್ಲಿ ಎದ್ದಿದೆಯೋ ಏನೋ ಎಂಬ ಅನುಮಾನ!

ವರ್ಕ್ ಅವರೊಂದಿಗೆ ಹೆರಾಲ್ಡ್ ಟ್ರಾಪಿಡೋ ಎಂಬ ಇನ್ನೊಬ್ಬ ವಿಜ್ಞಾನಿ ಇದ್ದರು. ತಂಡ 1957ರ ಮಾರ್ಚಿಯಲ್ಲಿ ಇಲ್ಲಿಗೆ ಬಂದು ರೋಗಿಗಳ ರಕ್ತ ತೆಗೆಯಿತು, ಸತ್ತ ಮಂಗಗಳನ್ನು ಕೊಯ್ದು ನೋಡಿತು. ಕ್ಯಾಸನೂರು ಕಾಡಿನಲ್ಲಿ ಸಿಕ್ಕ ಮುಸುವದಲ್ಲಿ ವೈರಸ್ ಪತ್ತೆಯಾಯಿತು. ಅದು ಹಳದಿ ಜ್ವರದ್ದಲ್ಲ. ಅದರ ದೂರದ ದಾಯಾದಿ. ಹತ್ತಿರದ ನಂಟಸ್ತಿಕೆ ಇದ್ದದ್ದು ರಷ್ಯಾದ ಕಾಡುಗಳಲ್ಲಿ ಬರುವ ಒಂದು ಮಿದುಳು ಜ್ವರದ ವೈರಸ್‌ನ ಜೊತೆ. ಆ ರಷ್ಯನ್ ಜ್ವರವನ್ನು ಹರಡುವುದು ಸೊಳ್ಳೆ ಅಲ್ಲ, ಉಣ್ಣೆ ಹುಳ. ಹಾಗಾದರೆ ಇಲ್ಲೂ ಉಣ್ಣೆಯನ್ನೇ ಹುಡುಕಬೇಕು ಅಂತ ತಂಡ ಕಾಡಿನ ನೆಲ ಕೆದಕಿತು. ಸಿಕ್ಕಿಯೇ ಬಿಟ್ಟಿತು. ನಮ್ಮ ಜನ ಉಣುಗು ಅನ್ನುವ, ದನದ ಕಿವಿಯಲ್ಲಿ, ಬಾಲದ ಬುಡದಲ್ಲಿ ನಿತ್ಯ ಕಾಣುವ ಜಾತಿಯ ಹುಳದಲ್ಲೇ ವೈರಸ್ ಇತ್ತು. ಆ ಒಂದೇ ವರ್ಷ 400ಕ್ಕೂ ಮಿಕ್ಕಿ ಜನರಿಗೆ ಕಾಯಿಲೆ ತಗುಲಿತ್ತು.

ಹೊಸ ರೋಗ, ಹೊಸ ವೈರಸ್. ಅದಕ್ಕೆ ಆ ಕಾಡಿನ ಹೆಸರನ್ನೇ ಇಟ್ಟರು. ಸಾಗರದಲ್ಲಿ ಸಂಶೋಧನೆಗೆಂದೇ ಒಂದು ಠಾಣೆ ತೆರೆಯಿತು. ಈ ಕೆಲಸ ಸುಮ್ಮನೆ ಕುರ್ಚಿಯ ಮೇಲೆ ಕೂತು ಮಾಡುವಂಥದ್ದಾಗಿರಲಿಲ್ಲ. ವೈರಸ್ ಹುಡುಕಲು ಬಂದವರಲ್ಲೇ ಎಷ್ಟೋ ಜನ ಪ್ರಯೋಗಾಲಯದಲ್ಲಿ ಅದೇ ಜ್ವರ ಹಚ್ಚಿಕೊಂಡು ಮಲಗಿದರು. ಪಿ.ಕೆ. ರಾಜಗೋಪಾಲನ್ ಎಂಬ ತರುಣ ಕೀಟತಜ್ಞರು ವರ್ಷಗಟ್ಟಲೆ ಈ ಕಾಡುಗಳಲ್ಲಿ ಉಣುಗಿನ ಬೆನ್ನು ಹತ್ತಿ ಅಲೆದರು. ಮುಂದೆ ಅವರು ಪಾಂಡಿಚೇರಿಯ ರೋಗವಾಹಕ ಕೀಟ ನಿಯಂತ್ರಣ ಸಂಶೋಧನಾ ಕೇಂದ್ರದ ನಿರ್ದೇಶಕರಾದರು, 1990ರಲ್ಲಿ ಪದ್ಮಶ್ರೀ ಬಂತು.

ಸೈಬೀರಿಯದ ಹಕ್ಕಿ ತಂದಿತೇ?

ರಷ್ಯಾದ ನಂಟಸ್ತಿಕೆ ಕಂಡ ಕೂಡಲೇ ಒಂದು ತರ್ಕ ಹುಟ್ಟಿತು. ಚಳಿಗಾಲದಲ್ಲಿ ಉತ್ತರದಿಂದ ವಲಸೆ ಬರುವ ಹಕ್ಕಿಗಳ ಮೈಗೆ ಅಂಟಿಕೊಂಡು ಉಣ್ಣೆ ಇಲ್ಲಿಗೆ ಬಂದಿರಬಹುದೇ? ಹಕ್ಕಿಗಳ ಸಂಗತಿ ಅಂದಮೇಲೆ ಡಾ. ಸಲೀಂ ಅಲಿ ಬಾರದೆ ಇರುತ್ತಾರೆಯೇ? ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಹಕ್ಕಿಗಳನ್ನು ಹಿಡಿದು ಕಾಲಿಗೆ ಉಂಗುರ ತೊಡಿಸಿ ಬಿಡುವ ದೊಡ್ಡ ಅಧ್ಯಯನ ಕೈಗೊಂಡರು. ಅದರಿಂದ ಹಕ್ಕಿಗಳ ವಿಷಯದಲ್ಲಿ ಬಹಳ ತಿಳಿವಳಿಕೆ ಬಂತು. ಆದರೆ ಕ್ಯಾಸನೂರಿಗೆ ರೋಗ ತಂದದ್ದು ಹಕ್ಕಿ ಎಂದು ಸಾಬೀತಾಗಲಿಲ್ಲ.

ಮುಂದೆ ಈ ಹಕ್ಕಿ ಅಧ್ಯಯನಕ್ಕೆ ಅಮೆರಿಕದ ಸೈನ್ಯದ ದುಡ್ಡೂ ಬಂದದ್ದು ಹೊರಬಿದ್ದು ಗಲಾಟೆಯಾಯಿತು. ರೋಗವನ್ನು ಯುದ್ಧದ ಆಯುಧ ಮಾಡಿಕೊಳ್ಳಲು ನೋಡ್ತಾ ಇದ್ದಾರೆ ಅನ್ನುವ ಗುಮಾನಿ ಎದ್ದು, 1970ರ ದಶಕದಲ್ಲಿ ಪಾರ್ಲಿಮೆಂಟಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯೇ ವಿದೇಶಿ ಸಹಾಯದ ಇಂಥ ಸಂಶೋಧನೆಗಳ ಬಗ್ಗೆ ವರದಿ ಬರೆಯಿತು. ನಮ್ಮ ಸೊರಬದ ಜ್ವರ ದಿಲ್ಲಿಯ ತನಕ ಹೋದ ಪರಿ ಇದು. ಇತ್ತ ಕಾಡಂಚಿನವರು ಮಾತ್ರ ಎಂದಿನಂತೆ ದರಕು ಗುಡಿಸಲು ಕಾಡಿಗೆ ಹೋಗುತ್ತಲೇ ಇದ್ದರು.

ಕೊಲಂಬಿಯದ ಡಾಕ್ಟರು ಕಂಡದ್ದು

ಹಾಗಾದರೆ ಇದ್ದಕ್ಕಿದ್ದಂತೆ 1957ರಲ್ಲೇ ಯಾಕೆ? ಈ ಪ್ರಶ್ನೆಗೆ ತೃಪ್ತಿಯಾಗುವ ಉತ್ತರ ಹೇಳಿದವರು ಜೋರ್ಗೆ ಬೋಷೆಲ್ ಎಂಬ ಕೊಲಂಬಿಯ ದೇಶದ ವೈದ್ಯರು. ಅವರು ಹಿಂದೆ ತಮ್ಮ ದೇಶದ ಕಾಡಿನಲ್ಲಿ ಒಂದು ವಿಚಿತ್ರ ಕಂಡಿದ್ದರು. ಕೊಡಲಿಯವರು ದೊಡ್ಡ ಮರ ಕಡಿದು ಕೆಡವಿದಾಗ, ಮರದ ತುದಿಯಲ್ಲಿ ಮಂಗಗಳ ರಕ್ತ ಕುಡಿದುಕೊಂಡು ಇದ್ದ ಸೊಳ್ಳೆಗಳು ಮರದ ಜೊತೆಯೇ ಕೆಳಗೆ ಬಂದು ಕೊಡಲಿಯವರನ್ನು ಮುತ್ತುತ್ತಿದ್ದವು. ಕಾಡಿನ ಹಳದಿ ಜ್ವರ ಮನುಷ್ಯನಿಗೆ ಹತ್ತುತ್ತಿದ್ದ ದಾರಿಗಳಲ್ಲಿ ಅದೂ ಒಂದು. ಅಂಥ ಕಣ್ಣಿದ್ದ ಮನುಷ್ಯ ಮಲೆನಾಡಿಗೆ ಬಂದು ಕೆಲಸ ಮಾಡಿ 1969ರಲ್ಲಿ ಒಂದು ಪ್ರಬಂಧ ಬರೆದರು.

ಅದರ ಸಾರ ನಮ್ಮ ಯಾವ ರೈತನಿಗೂ ಅರ್ಥವಾಗುವಂಥದ್ದು. ವೈರಸ್ ಹೊರಗಿನಿಂದ ಬಂದ ನೆಂಟನಲ್ಲ. ಕಾಡಿನಲ್ಲಿ ಇಲಿ, ಮೂಗಿಲಿ, ಅಳಿಲಿನಂಥ ಸಣ್ಣ ಪ್ರಾಣಿಗಳು ಮತ್ತು ಉಣುಗುಗಳ ನಡುವೆ ಯಾರಿಗೂ ಕಾಣದಂತೆ ಸುತ್ತುತ್ತಾ ಇತ್ತು. ಜನ ಹೆಚ್ಚಿದರು, ಕಾಡು ಕಡಿದರು, ನಡುನಡುವೆ ಗದ್ದೆ ತೋಟ ಆಯಿತು. ದನಗಳು ಮೇಯಲು ಕಾಡಿನೊಳಗೆ ನುಗ್ಗಿದವು. ಬೆಳೆದ ಉಣ್ಣೆಗೆ ಬೇಕಾದದ್ದು ದೊಡ್ಡ ಪ್ರಾಣಿಯ ರಕ್ತ. ಮೊದಲು ಅದಕ್ಕೆ ಕಡವೆ, ಕಾಟಿ ಹುಡುಕಬೇಕಿತ್ತು. ಈಗ ಮನೆ ಬಾಗಿಲಿನಿಂದ ದನದ ಹಿಂಡೇ ಬಂತು. ಹೊಟ್ಟೆ ತುಂಬ ರಕ್ತ ಕುಡಿದ ಒಂದು ಹೆಣ್ಣು ಉಣ್ಣೆ ನೆಲಕ್ಕೆ ಉದುರಿ ಸಾವಿರಾರು ಮೊಟ್ಟೆ ಇಡುತ್ತದೆ. ದನಕ್ಕೆ ರೋಗ ಬರುವುದಿಲ್ಲ, ಆದರೆ ಉಣ್ಣೆಯ ಸಂತಾನ ಬೆಳೆಸುವುದು ಅದೇ. ಆ ಸಂತಾನ ಮಂಗಕ್ಕೂ ಹತ್ತಿತು, ಮನುಷ್ಯನಿಗೂ ಹತ್ತಿತು.

ಮಂಗ ಇಲ್ಲಿ ಅಪರಾಧಿ ಅಲ್ಲ, ನಮ್ಮಂತೆಯೇ ಬಲಿ. ಆದರೆ ಮಂಗ ಸತ್ತಾಗ ಅದರ ಮೈ ತಣ್ಣಗಾಗಿ, ಅಂಟಿಕೊಂಡಿದ್ದ ಉಣುಗುಗಳೆಲ್ಲ ಸುತ್ತ ಉದುರುತ್ತವೆ. ಆ ಜಾಗ ಬೆಂಕಿಯ ಕೆಂಡ ಚೆಲ್ಲಿದ ಅಂಗಳದಂತೆ. ಕಾಲಿಟ್ಟವನಿಗೆ ಗ್ರಹಚಾರ.

ಯಾರಿಗೆ ಬರುತ್ತದೆ?

ಮನುಷ್ಯನನ್ನು ಕಚ್ಚುವುದು ಹೆಚ್ಚಾಗಿ ಮರಿ ಉಣುಗು, ಎಳ್ಳಿನ ಕಾಳಿನಷ್ಟು. ಕಚ್ಚಿದ್ದು ಗೊತ್ತೂ ಆಗುವುದಿಲ್ಲ. ಅದು ಏಳುವ ಕಾಲ ಡಿಸೆಂಬರಿನಿಂದ ಮೇ ತನಕ. ಜನವರಿಯಿಂದ ಮಾರ್ಚಿವರೆಗೆ ಜೋರು. ಮಲೆನಾಡಿನಲ್ಲಿ ಕಾಡಿಗೆ ಹೋಗುವ ಕಾಲವೂ ಅದೇ. ಕೊಟ್ಟಿಗೆಗೆ ಹಾಸಲು, ಗೊಬ್ಬರ ಮಾಡಲು ದರಕು ಗುಡಿಸಿ ತರುವುದು, ಮಳೆಗಾಲಕ್ಕೆ ಸೌದೆ ಕೂಡಿಡುವುದು, ಸೊಪ್ಪಿನ ಬೆಟ್ಟದಲ್ಲಿ ಸೊಪ್ಪು ಕಡಿಯುವುದು ಎಲ್ಲ ಆಗಲೇ ನಡೆಯಬೇಕು. ತೋಟದ ಯಜಮಾನರು ಖುದ್ದು ದರಕು ಹೊರುವುದು ಅಪರೂಪ. ಹೊರುವವರು ಕೂಲಿಯವರು, ಹೆಂಗಸರು. ಉಣುಗಿಗೆ ಜಾತಿ ಇಲ್ಲ ನಿಜ, ಆದರೆ ಅದು ಕಚ್ಚುವುದು ನೆಲ ಕೆದಕುವ ಕೈಯನ್ನೇ.

ಕಚ್ಚಿದ ಮೂರರಿಂದ ಎಂಟು ದಿನಕ್ಕೆ ಜ್ವರ. ಹೆಚ್ಚಿನವರು ಎರಡು ವಾರದಲ್ಲಿ ಏಳುತ್ತಾರೆ. ಕೆಲವರಿಗೆ ಜ್ವರ ಬಿಟ್ಟಂತಾಗಿ ಮತ್ತೆ ಮರುಕಳಿಸುತ್ತದೆ. ಎರಡನೆಯ ಸಲ ಮಿದುಳಿಗೆ ತಟ್ಟುವುದೂ ಉಂಟು. ನೂರಕ್ಕೆ ಮೂರರಿಂದ ಐದು ಜನ ಉಳಿಯುವುದಿಲ್ಲ. ಉಳಿದವರಿಗೂ ತಿಂಗಳುಗಟ್ಟಲೆ ಸುಸ್ತು. ದಿನಗೂಲಿಯವನಿಗೆ ಅದೂ ಒಂದು ಸಣ್ಣ ಸಾವೇ. ಒಂದು ಸಮಾಧಾನ ಏನೆಂದರೆ ಇದು ಮನುಷ್ಯನಿಂದ ಮನುಷ್ಯನಿಗೆ ಅಂಟುವುದಿಲ್ಲ. ರೋಗಿಯನ್ನು ದೂರ ಇಡಬೇಕಾದ್ದಿಲ್ಲ, ಆರೈಕೆ ಮಾಡಲು ಹೆದರಬೇಕಾದ್ದಿಲ್ಲ.

ಕಾಡು ಕಡಿದರೆ ಏನಾಗುತ್ತದೆ ಅನ್ನುವುದಕ್ಕೆ ಬೋಷೆಲ್ ಬರೆದದ್ದನ್ನು ಪರೀಕ್ಷೆ ಮಾಡಿ ನೋಡಿದಂತೆ ಆದದ್ದು ದಕ್ಷಿಣ ಕನ್ನಡದಲ್ಲಿ. ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆಯ ಹತ್ತಿರ ಗೇರು ತೋಟ ಮಾಡಲು ಕಾಡು ಸವರಿದರು. 1982ರ ಕೊನೆಗೆ ಆ ಭಾಗದಲ್ಲಿ ಮಂಗಗಳು ಸತ್ತವು, ಹಿಂದೆಯೇ ಜನರಿಗೆ ಜ್ವರ. ಆ ಹಾವಳಿಯಲ್ಲಿ 1000ಕ್ಕೂ ಮಿಕ್ಕಿ ಜನ ನರಳಿದರು, 100ಕ್ಕೂ ಹೆಚ್ಚು ಜನ ಸತ್ತರು. ಕೂಲಿಗೆ ಹೋಗಿ ಮರ ಕಡಿದವರೇ ಮೊದಲ ಸಾಲಿನಲ್ಲಿ. ಕಾಡಿನ ದೈವ ಮುನಿಯಿತು ಅಂತ ಊರಿನವರು ಹೇಳಿದರು. ಮಾರ್ಕ್ ನಿಕ್ಟರ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞರು ಅಲ್ಲಿ ಅಧ್ಯಯನ ಮಾಡಿ, 1987ರ ಬರಹದಲ್ಲಿ ಇದನ್ನು ಅಭಿವೃದ್ಧಿಯ ಕಾಯಿಲೆ ಅಂತ ಕರೆದರು. ದೈವ ಅನ್ನಿ, ಅಭಿವೃದ್ಧಿ ಅನ್ನಿ, ಕೊಡಲಿ ಬಿದ್ದದ್ದು ಒಂದು ಕಡೆ, ಏಟು ತಿಂದವರು ಇನ್ನೊಂದು ಕಡೆ.

ಸೂಜಿಯ ಕಥೆ

ಈಗ ಮದ್ದಿನ ವಿಷಯಕ್ಕೆ ಬರೋಣ. ರೋಗ ಬಂದಮೇಲೆ ಅದನ್ನೇ ಕೊಲ್ಲುವ ಔಷಧ ಇವತ್ತಿಗೂ ಇಲ್ಲ. ನೀರಿನಂಶ ಕಾಪಾಡು, ಜ್ವರ ಇಳಿಸು, ರಕ್ತಸ್ರಾವ ನೋಡಿಕೋ, ಅಷ್ಟೇ. ಬರದಂತೆ ತಡೆಯಲು ಲಸಿಕೆಯೊಂದೇ ಆಸೆ.

ಮೊದಲು ರಷ್ಯನ್ ಜ್ವರಕ್ಕೆ ಮಾಡಿದ್ದ ಲಸಿಕೆಯನ್ನು ಅಮೆರಿಕದ ವಾಲ್ಟರ್ ರೀಡ್ ಸೈನಿಕ ಸಂಶೋಧನಾ ಸಂಸ್ಥೆಯಿಂದ ತರಿಸಿ ಇಲ್ಲಿನ ಜನರಿಗೆ ಚುಚ್ಚಿ ನೋಡಿದರು. ದಾಯಾದಿಯ ಲಸಿಕೆ ಕೆಲಸಕ್ಕೆ ಬರಲಿಲ್ಲ. ಆಮೇಲೆ 1960ರ ದಶಕದಲ್ಲಿ ಪುಣೆಯಲ್ಲೇ ಕೋಳಿ ಭ್ರೂಣದ ಜೀವಕೋಶದಲ್ಲಿ ವೈರಸ್ ಬೆಳೆಸಿ, ಫಾರ್ಮಲಿನ್ ಹಾಕಿ ಕೊಂದು ನಮ್ಮದೇ ಲಸಿಕೆ ಮಾಡಿದರು. ಅದು ದೊಡ್ಡ ಪ್ರಮಾಣದಲ್ಲಿ ಜನರ ಬಳಿ ಬರಲು 1990ರ ತನಕ ಕಾಯಬೇಕಾಯಿತು! 1990ರಿಂದ 1992ರವರೆಗೆ ನಡೆದ ಪ್ರಯೋಗದಲ್ಲಿ ಎರಡು ಡೋಸ್ ಪಡೆದವರಿಗೆ ನೂರಕ್ಕೆ 90ಕ್ಕಿಂತ ಹೆಚ್ಚು ರಕ್ಷಣೆ ಅಂತ ವರದಿ ಬಂತು. ಎಲ್ಲರಿಗೂ ಸಂತೋಷ.

ಆದರೆ ಕಾಲ ಕಳೆದಂತೆ ಬಣ್ಣ ಮಾಸಿತು. 2005ರಿಂದ 2010ರವರೆಗಿನ ಲೆಕ್ಕ ಹಾಕಿದಾಗ ಎರಡು ಡೋಸಿನ ರಕ್ಷಣೆ ನೂರಕ್ಕೆ 62ರ ಆಸುಪಾಸಿಗೆ ಇಳಿದಿತ್ತು. ಒಂದೇ ಡೋಸ್ ತೆಗೆದುಕೊಂಡರೆ ಏನೂ ಪ್ರಯೋಜನ ಕಾಣಲಿಲ್ಲ. ಒಂದು ತಿಂಗಳ ಅಂತರದಲ್ಲಿ ಎರಡು ಚುಚ್ಚು, ಆರೇಳು ತಿಂಗಳಿಗೆ ಬೂಸ್ಟರ್, ಆಮೇಲೆ ವರ್ಷ ವರ್ಷವೂ ಒಂದು. ಚುಚ್ಚಿದ ಜಾಗ ಬಾತು ನೋಯುತ್ತಿತ್ತು. ಮರುದಿನ ಕೂಲಿಗೆ ಹೋಗಬೇಕಾದವರು ಎಷ್ಟು ಸಲ ತೋಳು ಒಡ್ಡಿಯಾರು ಸ್ವಾಮಿ? ಕೊನೆಗೆ ಈ ಲಸಿಕೆಗೆ ಶಕ್ತಿ ಸಾಲದು ಎಂದು 2022ರಲ್ಲಿ ಅದನ್ನು ಕೊಡುವುದನ್ನೇ ನಿಲ್ಲಿಸಲಾಯಿತು. ವೈದ್ಯಕೀಯ ಸಂಶೋಧನಾ ಮಂಡಳಿಯವರು ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಜೊತೆ ಸೇರಿ ಹೊಸ ಲಸಿಕೆ ತಯಾರಿಗೆ ಕೈ ಹಾಕಿದ್ದಾರೆ. ಕೆಲಸ ಮಾಡದ ಲಸಿಕೆ ನಿಲ್ಲಿಸಿದ್ದು ಸರಿಯೇ. ಆದರೆ ಅದು ಕೆಲಸ ಮಾಡುತ್ತಿಲ್ಲ ಎಂಬ ಸೂಚನೆ ಸಿಕ್ಕಾಗಲೇ ಹೊಸದರ ತಯಾರಿ ಭರದಿಂದ ಆಗಬೇಕಿತ್ತಲ್ಲ ಎಂಬ ಪ್ರಶ್ನೆ ಉಳಿಯುತ್ತದೆ.

ಅಷ್ಟರೊಳಗೆ ಕಾಯಿಲೆ ಸುಮ್ಮನೆ ಕೂತಿರಲಿಲ್ಲ. ಮೂರು ತಾಲ್ಲೂಕಿನಲ್ಲಿ ಇದ್ದದ್ದು ಸಹ್ಯಾದ್ರಿಯ ಉದ್ದಕ್ಕೂ ನಡೆಯಿತು. 2012ರಲ್ಲಿ ಬಂಡೀಪುರದಲ್ಲಿ ಸತ್ತ ಮಂಗಗಳ ವಿಲೇವಾರಿ ಮಾಡಿದ ಕೆಲಸಗಾರರಿಗೆ ಹತ್ತಿತು. 2013ರಲ್ಲಿ ವಯನಾಡು, 2015ರಲ್ಲಿ ಗೋವಾದ ಸತ್ತರಿ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ. ನಮ್ಮಲ್ಲೇ 2018ರ ಕೊನೆಗೆ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಎದ್ದದ್ದು 2019ರಲ್ಲಿ ಹತ್ತಕ್ಕೂ ಮಿಕ್ಕಿ ಜೀವ ತೆಗೆಯಿತು. 2024ರಲ್ಲಿ ಪಕ್ಕದ ಸಿದ್ದಾಪುರ ತಾಲ್ಲೂಕಿನಲ್ಲಿ ಜೋರಾಯಿತು.

ಉಳಿದಿರುವ ಆಯುಧ

ಇಷ್ಟು ವರ್ಷದಲ್ಲಿ ಒಂದೂ ಮುಂದುವರಿಯಲಿಲ್ಲ ಎಂದರೆ ತಪ್ಪಾಗುತ್ತದೆ. ಹಿಂದೆ ರೋಗಿಯ ರಕ್ತವನ್ನು ಇಲಿಮರಿಗೆ ಚುಚ್ಚಿ ದಿನಗಟ್ಟಲೆ ಕಾಯಬೇಕಿತ್ತು, ಈಗ ಪಿ.ಸಿ.ಆರ್. ಪರೀಕ್ಷೆಯಲ್ಲಿ ದಿನದೊಳಗೆ ತಿಳಿಯುತ್ತದೆ. ಶಿವಮೊಗ್ಗದಲ್ಲೇ ಇದಕ್ಕೆ ಪ್ರಯೋಗಾಲಯ ಇದೆ. ಕಾಡಿಗೆ ಹೋಗುವ ಮುಂಚೆ ಕೈಕಾಲಿಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಎಣ್ಣೆ ಹಂಚುತ್ತದೆ. ಮಂಗ ಸತ್ತ ಜಾಗದ ಸುತ್ತ 50 ಮೀಟರ್ ಮೆಲಾಥಿಯಾನ್ ಪುಡಿ ಎರಚುವ ಕ್ರಮವಿದೆ.

ಇದೆಲ್ಲದರ ಮೊದಲ ಮೆಟ್ಟಿಲು ಮಾತ್ರ 1957ರಲ್ಲಿ ಏನಿತ್ತೋ ಅದೇ: ಯಾರೋ ಒಬ್ಬರು ಸತ್ತ ಮಂಗ ನೋಡಬೇಕು, ನೋಡಿ ಹೇಳಬೇಕು. ಜನರಿಗೆ ಜ್ವರ ಬರುವ ಮುಂಚೆಯೇ ಎಚ್ಚರಿಸುವ ಗಂಟೆ ಅದೊಂದೇ. ಆ ಗಂಟೆ ಹೊಡೆಯುವವರು ದನಗಾಹಿಗಳು, ದರಕಿನ ಹೆಂಗಸರು, ಅರಣ್ಯ ವಾಚರುಗಳು, ಆಶಾ ಕಾರ್ಯಕರ್ತೆಯರು. ಇವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ನಮ್ಮಲ್ಲಿ ಮಂಗ ಸತ್ತರೆ ಆಂಜನೇಯನ ಅಂಶ ಅಂತ ಅರಿಸಿನ ಕುಂಕುಮ ಹಚ್ಚಿ, ಭಜನೆ ಮಾಡಿ ಹೂಳುವ ಪದ್ಧತಿ ಇದೆ. ಭಕ್ತಿ ಒಳ್ಳೆಯದೇ. ಆದರೆ ಮಲೆನಾಡಿನಲ್ಲಿ ಸತ್ತ ಮಂಗವನ್ನು ಮುಟ್ಟಬಾರದು, ಹತ್ತಿರವೂ ಹೋಗಬಾರದು. ದೂರದಿಂದಲೇ ಕೈಮುಗಿದು ಆರೋಗ್ಯ ಕೇಂದ್ರಕ್ಕೋ ಅರಣ್ಯದವರಿಗೋ ಸುದ್ದಿ ಮುಟ್ಟಿಸಿ. ಕಾಡಿಗೆ ಹೋಗಲೇಬೇಕಾದರೆ ಮೈ ತುಂಬ ಬಟ್ಟೆ, ಎಣ್ಣೆ. ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆಯನ್ನು ಬಿಸಿನೀರಿಗೆ ಹಾಕುವುದು. ಕಾಡಿಗೆ ಹೋಗಿ ಬಂದವರಿಗೆ ಜ್ವರ ಬಂದರೆ ಅಂಗಡಿ ಮಾತ್ರೆ ನುಂಗಿ ಮಲಗದೆ, ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಬೇಕು.

ಇನ್ನು ಇಲಾಖೆಯವರಿಗೆ ಒಂದು ಮಾತು. ಕೂಲಿ ಬಿಟ್ಟು ನಾಲ್ಕು ಮೈಲಿ ನಡೆದು ಬಂದು ಸತ್ತ ಮಂಗದ ಸುದ್ದಿ ಹೇಳಿದವನಿಗೆ ಕುರ್ಚಿ ಕೊಡದಿದ್ದರೂ ಬೇಡ, ಅವತ್ತೇ ಜನ ಕಳಿಸಿ. ಮೂರು ದಿನ ಬಿಟ್ಟು ಬಂದರೆ ಅವನು ಮುಂದಿನ ಸಲ ಯಾಕೆ ಹೇಳ್ತಾನೆ? ಹೊಸ ಲಸಿಕೆ ಎಂದು ಬರುತ್ತದೋ ಬರಲಿ. ಈ ಚಳಿಗಾಲಕ್ಕೆ ನಮ್ಮ ಕಾಡಂಚಿನ ಮನೆಗಳಿಗೆ ಕಾವಲು ಅವನೊಬ್ಬನೇ.